ಸಾಹುಕಾರರ ದನಿಯಲ್ಲಿ ಕೇಳಿದ ಪ್ರಶ್ನೆ

“ತಂಗೀ, ಸಾಲ-ಗೀಲ ಎಂತಾದ್ರೂ ಇದ್ದನೇ? ಮುಚ್ಚಿಡಡ!”

ಸಾಹುಕಾರರ ಕೋಣೆಯ ಪ್ಲೈವುಡ್ ಗೋಡೆಯ ಹಿಂದಿನಿಂದ, ಅವರ ಮೂಗುದನಿಗೆ ಅವರದೇ ಕೆಮ್ಮನ್ನೂ ಸೇರಿಸಿ ನಾನು ಕೇಳಿದೆ. ಶಿರಸಿಯ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಬಿಡಿಸಿ ತೋರಿಸುವವನು ನಾನು. ಕೆಲಸ ಕೇಳಿ ಬಂದವರಿಗೆಲ್ಲ ಸಾಹುಕಾರರ ಮೊದಲ ಪ್ರಶ್ನೆ ಅದೇ. ಸಾಲವಿದ್ದವರ ಕೈ ಗಲ್ಲಾಪೆಟ್ಟಿಗೆಗೆ ಹೋಗುತ್ತದೆ ಎಂಬುದು ಅವರ ನಂಬಿಕೆ. ಅಂದು ಅವರು ಎಸ್‌ಟಿಡಿ ಬೂತಿಗೆ ಹೋಗಿದ್ದರು. ಅವರೇ ಕೆಲಸಕ್ಕೆಂದು ಬರಹೇಳಿದ್ದ ಹೆಂಗಸೊಬ್ಬರು, ಅವರು ಒಳಗಿದ್ದಾರೆಂದುಕೊಂಡು ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದರು. ನನ್ನ ತೊದಲನ್ನೇ ಅಣಕಿಸಿಕೊಳ್ಳುವ ನಾನು ಇಂಥ ಅವಕಾಶ ಬಿಡುತ್ತೇನೆಯೇ? ಹೊರಗೆ ಇಣುಕಿದರೆ ಆಕೆಯೂ ನಕ್ಕಾರು ಎಂದುಕೊಂಡಿದ್ದೆ.

ಆಕೆ ಎದ್ದು ನಿಂತು ಗೋಡೆಗೇ ಉತ್ತರ ಕೊಟ್ಟರು. “ಇದ್ದು. ನನ್ನ ತಾಳಿನೇ ಅಡವಿಟ್ಟಿದ್ದಿ. ಈಗ ಕೊರಳಲ್ಲಿರದು ರೋಲ್ಡ್‌ಗೋಲ್ಡು. ನಮ್ಮನೆಯವ್ಕೆ ಗೊತ್ತಿಲ್ಲೆ.”

ಕಪಾಟಿನ ಹಿಂದೆ ಕಿಸಿಕಿಸಿ ನಗುತ್ತಿದ್ದ ಅಂಗಡಿಯ ಗೆಳೆಯರು ಸೀರೆ ಮಡಿಸತೊಡಗಿದರು. ನಾನು ಹೊರಗೆ ಬಂದೆ. ನನ್ನ ಮುಖ ನೋಡಿದ್ದೇ ಆಕೆಗೆ ಎಲ್ಲ ತಿಳಿಯಿತು. ಸೆರಗಿನಿಂದ ಸರ ಮುಚ್ಚಿಕೊಂಡು, “ಕೆಲ್ಸ ಬ್ಯಾಡ ತಮ್ಮಾ. ಯಾರತ್ರನೂ ಹೇಳಡ,” ಎಂದು ಬಸ್ ಸ್ಟ್ಯಾಂಡಿನತ್ತ ನಡೆದರು. ಸಾಹುಕಾರರು ಬಂದು “ಎಲ್ಲಿ ಹೋತು ಅದು?” ಎಂದಾಗ, ಗೊತ್ತಿಲ್ಲ ಎಂದುಬಿಟ್ಟೆ.

ಹೆಸರು, ಊರು ಬರೆಯದಿರುವಷ್ಟರ ಮಟ್ಟಿಗೆ ಮಾತ್ರ ಆಕೆಯ ಮಾತು ಉಳಿಸಿದ್ದೇನೆ. ಹಾಗೆ ಕೇಳಲು ನಾನು ಯಾರು ಎಂಬ ನಾಚಿಕೆ ಇನ್ನೂ ಸುಡುತ್ತಿದೆ. ಸೀರೆ ಮಡಿಸುವ ಕೆಲಸಕ್ಕೆ ಬಂದವರನ್ನು ಹಾಗೆ ಕೇಳಲು ಸಾಹುಕಾರರಾದರೂ ಯಾರು?