ಹಳೆಯ ಕಂಬಗಳನ್ನು ತೆಗೆಯದ ಸಿದ್ದಾರೂಢ

ಸಿದ್ದಾರೂಢ ಪುಕ್ಕಲ. ಮೆದು ಸ್ವಭಾವ, ವಿನಯವಂತ, ಯಾರ ತಂಟೆಗೂ ಹೋಗುವವನಲ್ಲ ಎಂದು ಜೊತೆಯವರು ಹೇಳುತ್ತಿದ್ದರು. ಅದು ಪುಕ್ಕಲುತನಕ್ಕೆ ತೊಡಿಸಿದ ಇಸ್ತ್ರಿ ಅಂಗಿ, ಅಷ್ಟೆ. ಮನೆಯೊಡತಿ ಮೆಟ್ಟಿಲು ಹತ್ತುವ ಸದ್ದಾದರೆ ಟೀವಿ ಆರಿಸುತ್ತಿದ್ದ. ಹೋಟೆಲಿನಲ್ಲಿ ಇಡ್ಲಿ ಕೇಳಿ ಉಪ್ಪಿಟ್ಟು ಬಂದರೆ ಉಪ್ಪಿಟ್ಟನ್ನೇ ತಿಂದು ಏಳುತ್ತಿದ್ದ.

ಊರು ಗದಗ ಜಿಲ್ಲೆಯ ರೋಣ. ಡಿಪ್ಲೊಮಾ ಮುಗಿಸಿ ಬಂದು ಬಿಟಿಎಂ ಎರಡನೇ ಹಂತದಲ್ಲಿ ಒಂದು ಕೋಣೆ ಹಿಡಿದಿದ್ದ. 2004ರಲ್ಲಿ ಬಸವನಗುಡಿಯ ಒಂದು ಕಚೇರಿಯಲ್ಲಿ, ಬೇಡವಾದದ್ದು ಎಂದುಕೊಂಡು ಒಂದು ಫೈಲು ಅಳಿಸಿದ. ಅದು ಬೇಕಾದದ್ದಾಗಿತ್ತು. ನಾಳೆಯಿಂದ ಬರಬೇಡ ಎಂದರು. ಆಮೇಲೆ ನಾಲ್ಕು ತಿಂಗಳು ದಿನಾ ಬೆಳಿಗ್ಗೆ ಬುತ್ತಿ ಡಬ್ಬಿ ಹಿಡಿದು ಹೊರಟು, ಜಯನಗರದ ಒಂದು ಪಾರ್ಕಿನ ಬೆಂಚಿನ ಮೇಲೆ ಕೂತು, ಸಂಜೆ ಆರಕ್ಕೆ ಕೋಣೆಗೆ ಮರಳುತ್ತಿದ್ದ. ಕೆಲಸ ಹೋದದ್ದು ಮನೆಯೊಡತಿಗೆ ತಿಳಿಯಬಾರದು, ಊರಿನಲ್ಲಿ ತಾಯಿ ದುಂಡವ್ವನಿಗೆ ತಿಳಿಯಲೇಬಾರದು. ಮುಂದೆ ಅದೇ ಜಯನಗರದ ನಾಲ್ಕನೇ ಬ್ಲಾಕಿನ ಆರ್ಕಿಟೆಕ್ಟ್ ಜಯಸಿಂಹ ಅವನನ್ನು ಸೇರಿಸಿಕೊಂಡರು. ಬೆಂಚಿನ ಭಯ ಮಾತ್ರ ಅವನನ್ನು ಬಿಡಲಿಲ್ಲ.

ಜಯಸಿಂಹರ ಕಚೇರಿಗೆ ಆಗಷ್ಟೇ ಹೊಸ ತಂತ್ರಾಂಶ ಬಂದಿತ್ತು. ಅದರಲ್ಲಿ ಇಡೀ ಕಟ್ಟಡವನ್ನು ಪರದೆಯ ಮೇಲೆ ಎಬ್ಬಿಸಿ ನಿಲ್ಲಿಸಬಹುದು. ಗೋಡೆ, ಬಾಗಿಲು, ಲಿಫ್ಟು ಈ ಕಚೇರಿಯ ಮಾದರಿಯಲ್ಲಿ. ಕಂಬ, ತೊಲೆ ಎಂಜಿನಿಯರ್ ವಿಷ್ಣು ಕಳಿಸುವ ಮಾದರಿಯಲ್ಲಿ. ಎರಡನ್ನೂ ಲಿಂಕ್ ಮಾಡಿ ಒಂದರೊಳಗೊಂದು ಕೂರಿಸಬೇಕು. ವಿಷ್ಣು ತಿದ್ದಿ ಕಳಿಸಿದಾಗಲೆಲ್ಲ ಹಳೆಯದನ್ನು ತೆಗೆದು ಹೊಸದನ್ನು ಹಾಕುವುದು ಕ್ರಮ. ಸಿದ್ದಾರೂಢ ಹೊಸದನ್ನೇನೋ ಹಾಕುತ್ತಿದ್ದ. ಹಳೆಯದನ್ನು ತೆಗೆಯಲು ಮಾತ್ರ ಕೈ ಬರುತ್ತಿರಲಿಲ್ಲ. ನಾಳೆ ಯಾರಾದರೂ ಅದನ್ನೇ ಕೇಳಿದರೆ? ಹಾಗಾಗಿ ನಕ್ಷೆಯ ಒಂದೊಂದು ಹಾಳೆಯಲ್ಲೂ ಅದನ್ನು ಕಣ್ಣಿಗೆ ಬೀಳದಂತೆ ಮರೆಮಾಡಿ ಸುಮ್ಮನಾಗುತ್ತಿದ್ದ.

2007ರ ಆಗಸ್ಟಿನ ಒಂದು ಬೆಳಿಗ್ಗೆ, ಹೊಸಕೆರೆಹಳ್ಳಿಯ ನರ್ಸಿಂಗ್ ಹೋಮಿನ ಹನ್ನೆರಡು ಹಾಳೆಗಳನ್ನು ಅದನ್ನು ಕಟ್ಟಿಸುತ್ತಿದ್ದ ಡಾಕ್ಟರಿಗೆ ಪಿಡಿಎಫ್ ಮಾಡಿ ಕೊಡಬೇಕಾಗಿತ್ತು. ಒಂಬತ್ತಕ್ಕೆ ಒತ್ತಿದ ಮೊದಲ ಹಾಳೆ ಹೊರಬಂದದ್ದು ಒಂಬತ್ತೂ ನಲವತ್ತಕ್ಕೆ. ಅವನು ಆ್ಯಂಟಿವೈರಸ್ ನಿಲ್ಲಿಸಿದ. ಮಾದರಿಯಲ್ಲಿನ ನೆರಳುಗಳನ್ನು ಆರಿಸಿದ. ಫೈಲನ್ನು ಸರ್ವರಿನಿಂದ ತನ್ನ ಕಂಪ್ಯೂಟರಿಗೇ ನಕಲು ಮಾಡಿದ. ಎರಡನೇ ಹಾಳೆಯ ನೀಲಿ ಪಟ್ಟಿ ಅರ್ಧಕ್ಕೆ ಬಂದು ನಿಂತಿತು. ಫ್ಯಾನಿನ ಕೆಳಗೂ ಅವನ ಬೆನ್ನು ಒದ್ದೆಯಾಗಿತ್ತು.

ಹತ್ತೂಮುಕ್ಕಾಲಿಗೆ ಜಯಸಿಂಹ ಕೋಣೆಯಿಂದ ಹೊರಬಂದರು.

"ಏನಯ್ಯಾ, ಡಾಕ್ಟ್ರು ಬಂದು ಕೂತಾಯ್ತು. ಎಷ್ಟು ಶೀಟಾಯ್ತು?"

ಹೆದರಿದಾಗ ಸಿದ್ದಾರೂಢನ ಬಾಯಲ್ಲಿ ರೋಣದ ಮಾತೇ ಬರುತ್ತಿತ್ತು. "ಒಂದಾಗೇತ್ರಿ ಸರ್. ಎರಡನೇದು ನಡದೈತ್ರಿ."

"ಬೆಳಿಗ್ಗೆಯಿಂದ ಒಂದಾ? ಕೈಯಲ್ಲಿ ಬರೆದಿದ್ರೂ ಇಷ್ಟೊತ್ತಿಗೆ ಎರಡಾಗಿರೋದು."

"ಅವ್ರ ಸಿಸ್ಟಂ ಹಾಲು ಕಾಯಿಸ್ತಿದೆ ಸಾರ್, ಉಕ್ಕಿದ್‌ಮೇಲೆ ಬರುತ್ತೆ," ಎಂದಳು ಪಕ್ಕದ ಮೇಜಿನ ಸಂಹಿತಾ.

ಜಯಸಿಂಹ ನಗಲಿಲ್ಲ. "ಹನ್ನೆರಡೂವರೆಗೆ ನನ್ನ ಟೇಬಲ್ ಮೇಲಿರ್ಬೇಕು. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು, ನಾನು ಬೇರೆಯವ್ರನ್ನ ನೋಡ್ಕೋತೀನಿ."

ಅವರು ಹೇಳಿದ್ದು ಆ ಹಾಳೆಗಳ ಮಾತು ಇರಬಹುದು. ಸಿದ್ದಾರೂಢನ ಕಣ್ಣಿಗೆ ಬಂದದ್ದು ಪಾರ್ಕಿನ ಬೆಂಚು.

"ಲಿಂಕ್‌ಗಳ ಲಿಸ್ಟ್ ತೆಗೆದು ನೋಡಿದ್ರಾ?" ಎಂದು ಸಂಹಿತಾ ತಗ್ಗಿದ ದನಿಯಲ್ಲಿ ಕೇಳಿದಳು.

"ನೋಡೀನ್ರಿ. ಎಲ್ಲಾ ಸರಿ ಐತಿ."

ಸುಳ್ಳು. ಅವನು ನೋಡಿರಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ. ಅಲ್ಲಿ ಏನಿದೆ ಎಂದು ಅವನಿಗೆ ಗೊತ್ತಿತ್ತು. ಹನ್ನೊಂದೂವರೆಗೆ ಅವಳು ಕಾಫಿಗೆ ಎದ್ದು ಹೋದ ಮೇಲೆ ಲಿಂಕುಗಳ ಪಟ್ಟಿ ತೆರೆದ. ವಿಷ್ಣುವಿನ ಒಂಬತ್ತು ಮಾದರಿಗಳು, ಒಂದರ ಹೊಟ್ಟೆಯೊಳಗೆ ಒಂದು. ಮರೆಮಾಡಿದ್ದರೂ ಅಷ್ಟನ್ನೂ ಪ್ರತಿ ಹಾಳೆಗೂ ಕಂಪ್ಯೂಟರು ಹೊರಬೇಕಾಗಿತ್ತು. ಹಳೆಯ ಎಂಟನ್ನು ಅವನು ಒಂದೊಂದಾಗಿ ಅನ್‌ಲೋಡ್ ಮಾಡಿದ. ಅಳಿಸಲಿಲ್ಲ, ಬೇಕೆಂದರೆ ಮತ್ತೆ ಕರೆಯಬಹುದು. ಎರಡನೇ ಹಾಳೆ ಎರಡು ನಿಮಿಷಕ್ಕೆ ಬಂತು. ಮೂರನೆಯದು, ನಾಲ್ಕನೆಯದು ಸಾಲಾಗಿ ಬಂದವು.

ಐದನೆಯದು ಲಿಫ್ಟಿನ ಬಾಗಿಲ ಹಾಳೆ. ಅದರಲ್ಲಿ ಕಂಬಗಳೇ ಇರಲಿಲ್ಲ, ಅಳತೆಗಳೂ ಇರಲಿಲ್ಲ.

ಅವನಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ಈ ಒಂದು ಹಾಳೆಯಲ್ಲಿ ಅವನು ಕೈತಪ್ಪಿ, ಹಳೆಯದರ ಬದಲು, ಮರೆಮಾಡಿದ್ದು ಹೊಸ ಮಾದರಿಯನ್ನು. ಅಳತೆಗಳನ್ನೆಲ್ಲ ಹಿಡಿದದ್ದು ಹಳೆಯ ಕಂಬಕ್ಕೆ. ಅದು ಹೋದೊಡನೆ ಅವೂ ಹೋದವು. ಹೊಸ ಮಾದರಿಯ ತೆರೆ ಸರಿಸಿದ. ವಿಷ್ಣು ಆ ಕಂಬವನ್ನು ಒಂಬತ್ತು ಅಂಗುಲ ಬಾಗಿಲಿನ ಒಳಕ್ಕೆ ತಂದಿದ್ದರು. ಕಂಬ ಏಳುವುದು ವಿಷ್ಣುವಿನ ನಕ್ಷೆಯಂತೆ, ಬಾಗಿಲು ಬರುವುದು ಸಿದ್ದಾರೂಢನ ಹಾಳೆಯಂತೆ. ಎರಡೂ ಒಂದಕ್ಕೊಂದು ಕೂಡುತ್ತವೆ ಎಂದು ಎಲ್ಲರೂ ನಂಬಿದ್ದರು. ನಾಲ್ಕಡಿ ಬಾಗಿಲು ಈಗ ಮೂರೂಕಾಲು ಅಡಿ. ರೋಗಿಯನ್ನು ಮಲಗಿಸಿದ ಮಂಚ ಅದರೊಳಗೆ ಹೋಗುವುದಿಲ್ಲ.

ಆ ಕಂಬಕ್ಕೆ ಕಾಂಕ್ರೀಟು ಆ ದಿನವೇ, ಹನ್ನೆರಡಕ್ಕೆ. ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಎಂಟು ನಿಮಿಷವಿತ್ತು.

ಇನ್ನೊಂದು ದಾರಿಯೂ ಇತ್ತು, ಅದು ಅವನಿಗೆ ತಕ್ಷಣ ಹೊಳೆಯಿತು. ಅಳತೆಯಿದ್ದ ಜಾಗದಲ್ಲಿ ನಾಲ್ಕಡಿ ಎಂದು ಟೈಪ್ ಮಾಡಿದರೆ ಮುಗಿಯಿತು. ಹಾಳೆ ಮೊದಲಿನಂತೆಯೇ ಕಾಣುತ್ತದೆ. ತಪ್ಪು ಹೊರಬೀಳುವುದು ಲಿಫ್ಟು ಬಂದಾಗ, ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಅದು ವಿಷ್ಣುವಿನದೂ ಆಗಿರಬಹುದು, ಮೇಸ್ತ್ರಿಯದೂ ಆಗಿರಬಹುದು. ಅವನು ಟೈಪ್ ಮಾಡಿಯೂ ಮಾಡಿದ. ಅಕ್ಷರ ಹಾಳೆಯ ಮೇಲೆ ಚೊಕ್ಕವಾಗಿ ಕೂತಿತು. ಅದನ್ನೇ ಒಮ್ಮೆ ನೋಡಿ, ಅಳಿಸಿದ.

ಮೇಜಿನ ಫೋನೆತ್ತಿ ಸೈಟಿನ ಮೇಸ್ತ್ರಿ ಪಾಪಯ್ಯನ ನಂಬರು ಒತ್ತಿದ. ಮೊದಲ ಸಲ ತಪ್ಪು ನಂಬರು ಹೋಯಿತು. ಎರಡನೇ ಸಲ ಪಾಪಯ್ಯ ಸಿಕ್ಕಿದ. ಹಿಂದೆ ಮಿಕ್ಸರಿನ ಸದ್ದು.

"ಪಾಪಯ್ಯಾರ, ಲಿಫ್ಟ್ ಬಾಜೂಕಿನ ಕಾಲಮ್ಮಿಗೆ ಕಾಂಕ್ರೀಟ್ ಹಾಕಬ್ಯಾಡ್ರಿ."

"ಅಯ್ಯೋ ಸಾಮಿ, ಮಾಲು ಕಲ್ಸಿ ಆಯ್ತಲ್ಲ. ಈಗ ಬಾಣಲಿ ಎತ್ತಬೇಕು."

"ಎತ್ತಬ್ಯಾಡ್ರಿ. ಅಳತಿ ತಪ್ಪೇತಿ."

"ಯಾರು ತಪ್ಪು ಮಾಡಿದ್ದು? ಯಾರು ಹೇಳಿದ್ದು ನಿಲ್ಸು ಅಂತ? ನಾಳೆ ನನ್ನ ಬಯ್ತಾರೆ!"

ಅಷ್ಟರಲ್ಲಿ ಒಳಕೋಣೆಯ ಬಾಗಿಲು ತೆರೆಯಿತು. ಮುಂದೆ ಜಯಸಿಂಹ, ಹಿಂದೆ ಕೈಚೀಲ ಹಿಡಿದ ಡಾಕ್ಟರ್ ಸೀತಾಲಕ್ಷ್ಮಿ.

"ಸಿದ್ದಾರೂಢ! ಫೋನ್ ಇಡಯ್ಯಾ. ಶೀಟ್ಸ್ ಎಲ್ಲಿ?"

ಸಿದ್ದಾರೂಢನ ಮೊಣಕಾಲುಗಳು ತಾವಾಗಿಯೇ ಏಳಹೊರಟವು. ಅವನು ಅವರ ಕಡೆ ತಿರುಗಲಿಲ್ಲ. ಎಡಗೈ ಎತ್ತಿ, ತಾಳಿ ಎಂಬಂತೆ, ಜಯಸಿಂಹರ ಮುಖದೆದುರಿಗೆ ಅಂಗೈ ಹಿಡಿದ.

"ನಾ ಮಾಡೀನ್ರಿ," ಎಂದ ಫೋನಿನೊಳಗೆ. "ನಾನ ಹೇಳಾಕತ್ತೇನಿ. ನಿಲ್ಲಸ್ರಿ."

ಆ ಕಡೆ ಮಿಕ್ಸರಿನ ಸದ್ದು ನಿಲ್ಲುವವರೆಗೆ ಅವನು ಕೈ ಇಳಿಸಲಿಲ್ಲ.