ನೆಲ ಒಣಗದ ಜಾಗ

ವಿಠೋಬಾ ಕಾಕಾ ತಂತಿಯನ್ನು ನೆಕ್ಕಿ ನೋಡುತ್ತಿದ್ದ. ತಂತಿಯ ತುದಿಯನ್ನು ಧೋತರದ ಚುಂಗಿನಿಂದ ಒರೆಸಿ, ನಾಲಿಗೆಗೆ ಇಷ್ಟೇ ಇಷ್ಟು ತಾಗಿಸಿ, ಕಣ್ಣು ಮುಚ್ಚಿ, ಉಪ್ಪಿನಕಾಯಿಯ ಹದ ನೋಡುವವರ ಹಾಗೆ ನಿಂತುಬಿಡುತ್ತಿದ್ದ. ಆಮೇಲೆ "ಹುಳಿ ಐತಿ" ಎಂದರೆ ತಂತಿಯಲ್ಲಿ ಕರೆಂಟು ಹರಿಯುತ್ತಿದೆ, "ಸಪ್ಪಗೈತಿ" ಎಂದರೆ ಎಲ್ಲೋ ಹರಿದಿದೆ ಎಂದು ನಾವು ತಿಳಿಯಬೇಕು. ಮಣ್ಣನ್ನೂ ಒಂದು ಚಿಟಿಕೆ ಹೀಗೇ ನೋಡುತ್ತಿದ್ದ. ಮನೆಗಳಿಗೆ ದೀಪದ ಕರೆಂಟು ಬಂದ ಮೇಲೆ ಮಾತ್ರ ಒಂದು ಎಚ್ಚರಿಕೆ ಇಟ್ಟುಕೊಂಡಿದ್ದ. "ಅದನ್ನ ನೆಕ್ಕಾಂಗಿಲ್ರಿ. ಅದು ತಿರಿಗಿ ನಮ್ಮನ್ನ ನೆಕ್ಕತೈತಿ" ಎನ್ನುತ್ತಿದ್ದ.

ಅವನು ಖಾನಾಪುರ ಸ್ಟೇಶನ್ನಿನಲ್ಲಿ ತಾರಿನ, ಅಂದರೆ ಟೆಲಿಗ್ರಾಫಿನ, ಲೈನ್‌ಮನ್. ಮಳೆಗಾಲದಲ್ಲಿ ಲೋಂಡಾದ ಕಡೆ ಕಾಡಿನಲ್ಲಿ ಮರ ಬಿದ್ದು ತಂತಿ ಹರಿದರೆ ಏಣಿ ಹೊತ್ತು ಹೋಗುವವನು ಅವನೇ. ನಮ್ಮ ತವರುಮನೆ ಸ್ಟೇಶನ್ನಿಗೆ ಹತ್ತಿರ, ಹಾಗಾಗಿ ಅವನ ಖಾಕಿ ಕೋಟು, ಜೇಬಿನಿಂದ ಇಣುಕುವ ತಂತಿ ಹಿಡಿಯುವ ಪಕ್ಕಡ, ಎರಡನ್ನೂ ನೋಡುತ್ತಲೇ ನಾನು ಬೆಳೆದೆ. ತಾರಿನ ಕೋಣೆಯ ಹಿಂದೆ ನೆಲದೊಳಗೆ ಒಂದು ತಾಮ್ರದ ತಗಡು ಹೂತಿದ್ದರು. ಯಂತ್ರದಿಂದ ಒಂದು ತಂತಿ ಅದಕ್ಕೆ ಇಳಿದಿತ್ತು. ಆ ಜಾಗ ಒಣಗಿದರೆ ತಾರು ತೊದಲುತ್ತದಂತೆ. ಬೇಸಿಗೆಯಲ್ಲಿ ದಿನಾ ಎರಡು ಕೊಡ ನೀರನ್ನು ಕಾಕಾ ಅಲ್ಲಿ ಸುರಿಯುತ್ತಿದ್ದ. ಬರಿ ನೆಲಕ್ಕೆ ಇಷ್ಟು ಭಕ್ತಿಯಿಂದ ನೀರು ಹಾಕುವುದನ್ನು ಕಂಡ ಒಬ್ಬ ಮುದುಕಿ ಅಲ್ಲಿ ಯಾವುದೋ ದೇವರಿದೆ ಎಂದುಕೊಂಡು ಕುಂಕುಮ, ಹೂವು ಇಟ್ಟು ಹೋಗತೊಡಗಿದಳು. ಸ್ಟೇಶನ್ ಮಾಸ್ತರರು ತೆಗೆಸು ಎಂದರೆ ಕಾಕಾ ಒಪ್ಪಲಿಲ್ಲ. ಅವಳೂ ದಿನಾ ಒಂದು ತಂಬಿಗೆ ನೀರು ಹಾಕುತ್ತಾಳೆ, ನನಗೆ ಅಷ್ಟು ಕೆಲಸ ಹಗುರ ಎಂದನಂತೆ.

ಅವನ ಇನ್ನೊಂದು ಗುಣ ಬಾಯಿಬಿಗಿತ. ತಾರಿನ ಯಂತ್ರದ ಕಟಕಟ ಸಪ್ಪಳವನ್ನು ವರ್ಷಾನುಗಟ್ಟಲೆ ಕೇಳಿ ಕೇಳಿ ಅದನ್ನು ಓದುವುದು ಅವನಿಗೆ ತಾನಾಗಿ ಬಂದಿತ್ತು. ಯಾರ ಮನೆಯಲ್ಲಿ ಯಾರು ಹೋದರು, ಯಾರಿಗೆ ಕೂಸು ಹುಟ್ಟಿತು, ಊರಿಗೆ ತಿಳಿಯುವ ಮೊದಲೇ ಅವನಿಗೆ ಗೊತ್ತು. ಆದರೆ ತಾರಿನ ಮಾತು ಬಾಯಿಯಲ್ಲಿ ಆಡಬಾರದೆಂಬ ನೇಮ. ಅವನ ಹೆಂಡತಿಯ ತಂಗಿ ಗೋವೆಯಲ್ಲಿ ಹೆತ್ತಾಗ ತಾರು ಬಂತು. ಕಾಕಾ ಮನೆಗೆ ಹೋಗಿ ಉಂಡ, ಮಲಗಿ ಎದ್ದ, ತುಟಿ ಪಿಟ್ಟೆನ್ನಲಿಲ್ಲ. ಸಂಜೆ ಸಿಪಾಯಿ ತಾರು ತಂದುಕೊಟ್ಟ ಮೇಲೆ ಅವನ ಹೆಂಡತಿ, ನಮ್ಮ ಕಾಕು, ಲಟ್ಟಣಿಗೆ ಹಿಡಿದು ಅವನ ಬೆನ್ನು ಹತ್ತಿದ್ದನ್ನು ಓಣಿಯೆಲ್ಲ ನೋಡಿತ್ತು. ನಾವೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ನನ್ನ ಅಪ್ಪ ಖಾನಾಪುರದಲ್ಲಿ ಸಾಲಿ ಮಾಸ್ತರ. ಕೀರ್ತನೆಯನ್ನೂ ಮಾಡುತ್ತಿದ್ದ, ಕನ್ನಡ ಮರಾಠಿ ಎರಡರಲ್ಲೂ. ಊರವರು ಬುವಾ ಎನ್ನುತ್ತಿದ್ದರು. ನನ್ನನ್ನು ಬೆಳಗಾವಿಯ ಖಾಸಬಾಗಕ್ಕೆ, ವಕೀಲರ ಮನೆಗೆ ಕೊಟ್ಟರು. ಮದುವೆಯ ದಿನ ಅಪ್ಪ ಕೀರ್ತನೆಗೆ ನಿಂತಾಗ ನನ್ನ ಮಾವನವರು ನಡುವೆಯೇ ಎದ್ದು ಹೋಗಿ ಯಾರದೋ ಜೊತೆ ಕೋರ್ಟಿನ ಮಾತು ಶುರು ಮಾಡಿದರು. ಅಪ್ಪ ಹಾಡು ನಿಲ್ಲಿಸಿ, ಎಲ್ಲರೆದುರು, ವಕೀಲರಿಗೆ ಮಾತಾಡಲು ಬರುತ್ತದೆ, ಕೇಳಲು ಬರುವುದಿಲ್ಲ ಎಂದುಬಿಟ್ಟ. ಇಷ್ಟೇ ನೋಡಿ. ಇಬ್ಬರೂ ಸೊಕ್ಕಿನವರು. ಮಾವನವರು ನನ್ನನ್ನು ತವರಿಗೆ ಕಳಿಸಲಿಲ್ಲ, ಅಪ್ಪ ಕರೆಯಲು ಬರಲಿಲ್ಲ. ರೈಲಿನಲ್ಲಿ ಕೂತರೆ ಹದಿನಾರು ಮೈಲು. ನಾಲ್ಕು ವರ್ಷ ನಾನು ಅಪ್ಪನ ಮುಖ ನೋಡಲಿಲ್ಲ, ದನಿ ಕೇಳಲಿಲ್ಲ.

ಕಾಕಾನ ಮಗಳು ಖಾಸಬಾಗದಲ್ಲೇ ಇದ್ದಳು. ನೌಕರಿ ಮುಗಿದ ಮೇಲೆ ಅವನು ತಿಂಗಳಿಗೊಮ್ಮೆ ಅಲ್ಲಿಗೆ ಬರುತ್ತಿದ್ದ. ಬಂದಾಗ ನಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಒಂದು ಲೋಟ ಮಜ್ಜಿಗೆ ಕುಡಿದು ಹೋಗುವನು. ನಾನು ಪ್ರತಿ ಸಲ ಅಪ್ಪ ಹೇಗಿದ್ದಾನೆ ಎಂದು ಕೇಳುವುದು, ಅವನು ಲೋಟದೊಳಗೆ ನೋಡುತ್ತ "ಅದಾರ" ಎನ್ನುವುದು. ಇದ್ದಾರೆ ಅಂದರೆ ಹೇಗೆ, ಏನು, ಎಂದು ಮತ್ತೆ ಕೇಳಿದರೆ "ಅದಾರವ್ವಾ." ನನಗೆ ಮೈಯೆಲ್ಲ ಉರಿಯುತ್ತಿತ್ತು. ಈ ಮನುಷ್ಯನಿಗೆ ಮಜ್ಜಿಗೆ ಯಾಕೆ ಕೊಡಬೇಕು ಎಂದು ಲೋಟ ಕುಕ್ಕಿ ಇಟ್ಟದ್ದೂ ಉಂಟು.

ಇಂಥದರಲ್ಲಿ ಮಾವನವರು ಮುಂಬಯಿಯಿಂದ ರೇಡಿಯೋ ತರಿಸಿದರು. ಓಣಿಗೇ ಮೊದಲನೆಯದು. ಮಾಳಿಗೆಯ ಮೇಲೆ ಬಿದಿರ ಕಂಬ, ಅಲ್ಲಿಂದ ಪಡಸಾಲೆಗೆ ತಂತಿ, ಕಿಟಕಿಯಿಂದ ಅಂಗಳದ ಕಬ್ಬಿಣದ ಕೊಳವೆಗೆ ಇನ್ನೊಂದು ತಂತಿ. ಮೊದಲು ಅದು ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಬ್ಯಾಟರಿಗೆ ಶಕ್ತಿ ತುಂಬಿಸಲು ಪ್ರತಿ ವಾರ ಊರೊಳಗಿನ ರವಿವಾರಪೇಟೆಯ ಬಜಾರಿಗೆ ಟಾಂಗಾದಲ್ಲಿ ಕಳಿಸುವುದು ಬೇಸರವಾಗಿ, ಮನೆಯ ದೀಪದ ಕರೆಂಟಿನಿಂದಲೇ ರೇಡಿಯೋ ನಡೆಸುವ ಒಂದು ಪೆಟ್ಟಿಗೆ ತಂದರು. ಆ ದಿನದಿಂದ ಹಾಡಿನ ಹಿಂದೆ ಗುಂಯ್ ಎಂಬ ಒಂದು ದನಿ ಬಂದು ಕೂತಿತು.

ಮಾವನವರಿಗೆ ಅದು ತಂಬೂರಿ ಎನಿಸಿತು. ಬಂದವರಿಗೆಲ್ಲ, ನೋಡಿ, ಮುಂಬಯಿಯಲ್ಲಿ ಶ್ರುತಿ ಎಷ್ಟು ಗಟ್ಟಿ ಹಿಡಿಯುತ್ತಾರೆ, ಮೊದಲು ನಮ್ಮ ಪೆಟ್ಟಿಗೆಗೆ ಅದು ಕೇಳುತ್ತಲೇ ಇರಲಿಲ್ಲ, ಎಂದು ಹೆಮ್ಮೆಯಿಂದ ಹೇಳುವರು. ಬಂದ ವಕೀಲರೂ ತಲೆದೂಗುವರು. ಒಂದು ತಿಂಗಳು ಹೀಗೇ ನಡೆಯಿತು. ನಾನು ಕೀರ್ತನಕಾರನ ಮಗಳು, ತಂಬೂರಿಯ ಪಕ್ಕದಲ್ಲೇ ನಿದ್ದೆ ಮಾಡಿ ಬೆಳೆದವಳು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ, ಸುದ್ದಿ ಓದುವವನಿಗೂ ತಂಬೂರಿ ಯಾಕೆ ಬೇಕು ದೇವರೇ, ಎಂದು ಒಳಗೊಳಗೇ ನಗುತ್ತಿದ್ದೆ. ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ನನ್ನ ನಗು ಒಂದು ದಿನ ನಿಂತುಹೋಯಿತು. ಇವರು, ನನ್ನ ಗಂಡ, ಪೇಪರು ಓದುತ್ತಿದ್ದವರು ಅಡುಗೆಮನೆಗೆ ಬಂದು ಸಣ್ಣ ದನಿಯಲ್ಲಿ, ಬರುವ ಗುರುವಾರ ಸಂಜೆ ಮುಂಬಯಿ ರೇಡಿಯೋದಲ್ಲಿ ಖಾನಾಪುರದ ಬುವಾನ ಕೀರ್ತನೆ ಇದೆ ಎಂದರು. ಅರ್ಧ ತಾಸು. ನನ್ನ ಕೈಯಲ್ಲಿದ್ದ ಹಿಟ್ಟು ಹಾಗೇ ಉಳಿಯಿತು. ಅಪ್ಪನದು ಮೆತ್ತನೆಯ ದನಿ. ಆ ಗುಂಯ್ ಅವನನ್ನು ನುಂಗಿಬಿಡುತ್ತದೆ ಎಂದು ನನಗೆ ಗೊತ್ತಿತ್ತು. ನಾಲ್ಕು ವರ್ಷದ ಮೇಲೆ ಒಂದು ಸಲ ಕೇಳುವುದು, ಅದೂ ಇಲ್ಲವೇ ಎಂದು ಇವರ ಎದುರು ಅತ್ತೇಬಿಟ್ಟೆ. ಇವರು ಮರುದಿನವೇ ಖಾನಾಪುರಕ್ಕೆ ಹೋಗಿ ಕಾಕಾನನ್ನು ಕರೆದುಕೊಂಡು ಬಂದರು.

ಕಾಕಾ ರೇಡಿಯೋದ ಮುಂದೆ ಕಿವಿಗೊಟ್ಟು ಕೂತ. ಮಾವನವರು ತಂಬೂರಿಯ ಮಾತು ತೆಗೆದರು. "ತಂಬೂರಿ ಅಲ್ರೀ ಸಾಹೇಬ್ರ, ನಿಮ್ಮ ದೀಪದ ಕರೆಂಟ್ ಹಾಡಾಕ ಹತ್ತೈತಿ" ಎಂದ ಕಾಕಾ. ಅವನು ಅಂಗಳಕ್ಕೆ ಹೋಗಿ ಕಬ್ಬಿಣದ ಕೊಳವೆಯ ಬುಡದ ಮಣ್ಣು ಬಾಯಿಗೆ ಹಾಕಿ ಥೂ ಎಂದು ಉಗುಳಿದ. ಗರಸು ನೆಲ, ಬೆಂಕಿಯ ಹಾಗೆ ಒಣಗಿದೆ, ಈ ಗುಂಯ್‌ಗೆ ನೆಲದೊಳಗೆ ಇಳಿದು ಹೋಗಲು ದಾರಿಯೇ ಇಲ್ಲ, ಅದಕ್ಕೇ ಪೆಟ್ಟಿಗೆಯೊಳಗೆ ಕೂತು ಗೊಣಗುತ್ತದೆ, ಎಂದು ತಿಳಿಸಿ ಹೇಳಿದ. ಆಮೇಲೆ ಎಲ್ಲರನ್ನೂ ನೋಡಿ ಕೇಳಿದ:

"ಈ ಮನಿಯಾಗ ನೆಲಾ ಎಲ್ಲೆ ಒಣಗಂಗಿಲ್ಲ?"

ಮಾವನವರು ತುಳಸಿಕಟ್ಟೆ ಎಂದರು. ಅಲ್ಲಿ ಹಾರೆ ಹಾಕಿದರೆ ನಾನು ಉಪವಾಸ ಕೂಡುತ್ತೇನೆ ಎಂದರು ಅತ್ತೆಯವರು. ನಾನು ಒಳಬಾಗಿಲ ಹಿಂದೆ ನಿಂತಿದ್ದೆ. ಅದು ಹೇಗೆ ಬಾಯಿ ಬಂತೋ, "ಹಿತ್ತಲದಾಗ ಮುಸುರಿ ತಿಕ್ಕೂ ಕಲ್ಲಿನ ಬಾಜೂಕ" ಎಂದುಬಿಟ್ಟೆ. ಸೊಸೆ ನಡುವೆ ಮಾತಾಡಿದಳಲ್ಲ ಎಂದು ಮಾವನವರು ಹುಬ್ಬು ಗಂಟಿಕ್ಕಿ ತಿರುಗಿದರು. ಅಷ್ಟರಲ್ಲಿ ಕಾಕಾ ಹಿತ್ತಲ ದಾರಿ ಹಿಡಿದಾಗಿತ್ತು. ಆ ಮನೆಯಲ್ಲಿ ನನ್ನ ಒಂದು ಮಾತು ಕೇಳಿ ಅದರಂತೆ ಎದ್ದು ನಡೆದವನು ಅವನೊಬ್ಬನೇ.

ಮುಸುರೆಯ ಜಾಗದ ಮಣ್ಣನ್ನೂ ಅವನು ಬಿಡಲಿಲ್ಲ. ಅತ್ತೆಯವರು ಶಿವ ಶಿವಾ ಎಂದು ಮುಖ ತಿರುಗಿಸಿದರು. ಕಾಕಾನ ಮುಖ ಅರಳಿತು. ಬೂದಿ, ಇದ್ದಿಲು, ಉಪ್ಪುನೀರು, ದಿನಾ ಎರಡು ಹೊತ್ತು ಬೀಳುವ ಕಡೆ ಇದು, ಇಂಥ ನೆಲ ರೇಲ್ವೆಯಲ್ಲೂ ಸಿಗುವುದಿಲ್ಲ ಎಂದ. ಹೂಳಲು ತಾಮ್ರದ ತಗಡು ಬೇಕೆಂದ. ಅಟ್ಟದ ಮೇಲೆ ತಳ ಒಡೆದ ನನ್ನ ತಾಮ್ರದ ಹಂಡೆ ಇತ್ತು, ಮದುವೆಯಲ್ಲಿ ಅಪ್ಪ ಕೊಟ್ಟದ್ದು. ತವರಿನದು ಎಂದು ಆ ಮನೆಯಲ್ಲಿ ನನಗೆ ಉಳಿದದ್ದು ಅದೊಂದೇ. ಸ್ವಲ್ಪ ಹೊತ್ತು ಏಣಿ ಹಿಡಿದು ನಿಂತೆ. ಆಮೇಲೆ ಹತ್ತಿ ಇಳಿಸಿ ತಂದು ಕಾಕಾನ ಮುಂದೆ ಇಟ್ಟೆ. ಅವನು ಅದನ್ನು ಬಡಿದು ಚಪ್ಪಟೆ ಮಾಡಿ, ಸೊಂಟದ ಆಳ ತೋಡಿ, ಇದ್ದಿಲು ಉಪ್ಪು ಹಾಸಿ ಹೂತ. ದಪ್ಪ ತಂತಿಯನ್ನು ಅಡುಗೆಮನೆಯ ಕಿಟಕಿಯಿಂದ ರೇಡಿಯೋಕ್ಕೆ ಎಳೆದ. ದೀಪದ ತಂತಿ ಮಾಳಿಗೆಯ ತಂತಿಯ ಜೊತೆ ಜೊತೆಗೇ ಇಳಿದಿತ್ತು, ಅದನ್ನು ದೂರ ಸರಿಸಿದ. ನಾನು ನಾಲ್ಕು ಕೊಡ ನೀರು ಸುರಿದೆ.

ರೇಡಿಯೋ ಹಚ್ಚಿದರು. ಗುಂಯ್ ಹೋಗಿತ್ತು. ಪಕ್ಕದ ಕೋಣೆಯ ಸೊಳ್ಳೆಯಷ್ಟು ಉಳಿದಿತ್ತು, ಅಷ್ಟೇ. ತಂಬೂರಿ ಎಲ್ಲಿ ಹೋಯಿತು ಎಂದು ಇವರು ಕೇಳಿದ್ದಕ್ಕೆ ಮಾವನವರು, ನನಗೆ ಮೊದಲಿಂದ ಸಂಶಯ ಇತ್ತು ಎಂದರು.

ಗುರುವಾರ ಸಂಜೆ ಪಡಸಾಲೆ ತುಂಬಿತ್ತು. ಯಾರ ಕೀರ್ತನೆ ಎಂದು ಮಾವನವರಿಗೂ ಗೊತ್ತಿತ್ತು, ಎದ್ದು ಹೋಗಲಿಲ್ಲ. ಕಾಕಾ ಹೊಸ್ತಿಲ ಹತ್ತಿರ ಕೂತಿದ್ದ. ನಾನು ಬಾಗಿಲ ಹಿಂದೆ. ಅಪ್ಪನ ದನಿ ಬಂತು. ಆಹಾ, ಅದೇ ದನಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಎರಡನೆಯ ಪದಕ್ಕೆ ಬರುವಷ್ಟರಲ್ಲಿ ಇನ್ನೊಂದು ಕೇಳಿಸಿತು. ಸಾಲು ಸಾಲಿನ ನಡುವೆ ಉಸಿರು. ಎಳೆದು ಎಳೆದು, ಒಡಕು ತಿದಿಯ ಹಾಗೆ. ಮೊದಲು ಒಂದೇ ದಮ್ಮಿನಲ್ಲಿ ಹಾಡುತ್ತಿದ್ದ ಸಾಲನ್ನು ಮೂರು ಕಡೆ ಮುರಿಯುತ್ತಿದ್ದ. ಗುಂಯ್ ಇದ್ದಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ. ನನಗೆ ಎಲ್ಲ ತಿಳಿಯಿತು. ಕಾಕಾನ ಕಡೆ ನೋಡಿದೆ. ಅವನು ನನ್ನನ್ನೇ ನೋಡುತ್ತಿದ್ದ.

ಕೀರ್ತನೆ ಮುಗಿದಾಗ ಮಾವನವರು ತಾವೇ ಎದ್ದು ರೇಡಿಯೋ ಆರಿಸಿದರು. ಸಾಕ್ಷಿಗಳ ಮಾತನ್ನೂ ಉಸಿರನ್ನೂ ಮೂವತ್ತು ವರ್ಷ ಕೇಳಿದ ಮನುಷ್ಯ. "ಬೀಗರಿಗೆ ಮೈಯಾಗ ಆರಾಮ ಇಲ್ಲ" ಎಂದರು. ನಾಲ್ಕು ವರ್ಷದಲ್ಲಿ ಮೊದಲ ಸಲ ಬೀಗರು ಎಂದದ್ದು. ಆಮೇಲೆ ಮಗನಿಗೆ, ಇವಳನ್ನು ಖಾನಾಪುರಕ್ಕೆ ಬಿಟ್ಟು ಬಾ, ಅವರು ಮುಂಬಯಿಯಿಂದ ಬರುವಷ್ಟರಲ್ಲಿ ಮನೆಯಲ್ಲಿರಲಿ, ಎಂದು ಹೇಳಿ ಒಳಗೆ ಹೋದರು.

ಅಪ್ಪನ ಜೊತೆ ನನಗೆ ಒಂದೂವರೆ ತಿಂಗಳು ಸಿಕ್ಕಿತು. ಮೈಯಲ್ಲಿ ಇಷ್ಟು ಬೇನೆ ಇಟ್ಟುಕೊಂಡು ಮುಂಬಯಿಗೆ ಯಾಕೆ ಹೋದೆ ಎಂದು ಬೈದೆ. ನಿಮ್ಮ ಮನೆಯಲ್ಲಿ ರೇಡಿಯೋ ಇದೆ ಎಂದು ಗೊತ್ತಿತ್ತಲ್ಲ ಎಂದ. ದಮ್ಮು ಶುರುವಾಗಿ ವರ್ಷದ ಮೇಲಾಗಿತ್ತು. ಊರಿಗೆಲ್ಲ ಗೊತ್ತಿದ್ದ ಮಾತು. ಅಪ್ಪ ಒಂದು ಮುಂಜಾನೆ ಹೋದ.

ಹದಿಮೂರನೆಯ ದಿನ ವಿಠೋಬಾ ಕಾಕಾ ಬಂದು ಅಂಗಳದಲ್ಲಿ ನಿಂತ. ಗುಂಯ್ ತೆಗೆದು ಅಪ್ಪನ ದನಿ ಕೇಳಿಸಿದವನು ಅವನು, ಅವನ ಕಾಲು ಮುಟ್ಟಬೇಕಿತ್ತು. ನನಗೆ ಸಿಟ್ಟೇ ಮೇಲೆ ಬಂತು. ವರ್ಷಗಟ್ಟಲೆ ನನ್ನ ಕೈಯ ಮಜ್ಜಿಗೆ ಕುಡಿದು ಅದಾರ ಅದಾರ ಅಂದಿರಲ್ಲ, ಒಂದು ಮಾತು ಹೇಳಿದ್ದರೆ ನಾನು ಮಾವನವರ ಕಾಲಿಗೆ ಬಿದ್ದಾದರೂ ಬರುತ್ತಿದ್ದೆ, ಒಂದು ವರ್ಷ ಸಿಗುತ್ತಿತ್ತು ನನಗೆ, ಎಂದು ಎಲ್ಲರೆದುರು ಅಂದೆ. ಅವನು ತಲೆಯ ಮೇಲಿನ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಖರೇ ಐತಿ ಯಮುನಾ. ಅದು ತಾರಿನ ಸುದ್ದಿ ಆಗಿರಲಿಲ್ಲ, ಊರಿನ ಸುದ್ದಿ. ಹೇಳಬಹುದಾಗಿತ್ತು. ಹೇಳೂದು ನನಗ ರೂಢಿ ತಪ್ಪಿತ್ತು. ತಪ್ಪು ನಂದ."

ತಂತಿಯ ವಿಷಯದಲ್ಲಿ ಒಂದು ದಿನವೂ ತಪ್ಪದ ಮನುಷ್ಯ, ನನ್ನಂಥ ಹುಡುಗಿಯ ಎದುರು ಹೀಗೆ ಅಂದು, ಬಿಸಿಲಲ್ಲಿ ನಿಂತೇ ಇದ್ದ. ಕುಂದರ್ರಿ ಕಾಕಾ, ಊಟಾ ಮಾಡಿ ಹೋಗ್ರಿ ಎನ್ನಬೇಕಿತ್ತು. ನಾನು ಒಳಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಅವನು ಸ್ಟೇಶನ್ನಿನ ದಾರಿಯಲ್ಲಿ ಬಹಳ ಮುಂದೆ ಹೋಗಿದ್ದ.

ಆಮೇಲೆ ಅವನು ನಮ್ಮ ಹಿತ್ತಲ ಬಾಗಿಲಿಗೆ ಬರಲಿಲ್ಲ. ನನ್ನ ಸಿಟ್ಟು ಬೇಗ ಬರುತ್ತದೆ, ಬೇಗ ಇಳಿಯುವುದಿಲ್ಲ. ಅದು ಇಳಿದ ಮೇಲೆ ಒಂದು ದಿನ ಮಜ್ಜಿಗೆ ಕಡೆದು, ಅವನ ಮಗಳ ಮನೆ ಹುಡುಕಿಕೊಂಡು ಹೋಗಿ, ಕಾಕಾ ಯಾವಾಗ ಬರುತ್ತಾನೆ ಎಂದು ಕೇಳಿದೆ. ಅವಳು ನನ್ನ ಕೈಯ ತಂಬಿಗೆ ನೋಡಿದಳು, ನನ್ನ ಮುಖ ನೋಡಿದಳು. "ನಿಮಗ ಯಾರೂ ಹೇಳಲಿಲ್ಲೇನ್ರಿ?" ಎಂದಳು.