ಅದಿರಿನ ಊರಿನಲ್ಲಿ ಕಡಲಿನ ಮಾತು

ಕಾರವಾರದಿಂದ ಬೆಳಿಗ್ಗೆ ಹೊರಟ ಬಸ್ಸು ಅರಬೈಲು ಘಟ್ಟ ಹತ್ತುವಾಗಲೇ ಎದುರಿನಿಂದ ಅದಿರಿನ ಲಾರಿಗಳು ಶುರುವಾದವು. ಅಂಚಿನಿಂದ ಕೆಂಪು ಪುಡಿ ಉದುರಿಸುತ್ತ ಅವು ಬಂದರಿಗೆ ಇಳಿಯುತ್ತಿದ್ದವು. ನಾನು ಅವು ಬಂದ ದಾರಿಯಲ್ಲೇ ಮೇಲಕ್ಕೆ ಹೊರಟಿದ್ದೆ. ಹೊಸಪೇಟೆ ದಾಟಿದ ಮೇಲಂತೂ ನಮ್ಮ ಬಸ್ಸು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಧೂಳು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಬಳ್ಳಾರಿಗೆ ಬಿಳಿ ಸೀರಿ ಉಟ್ಕೊಂಡು ಬಂದೀರಲ್ರಿ, ಧೈರ್ಯ ಐತಿ ನಿಮಗ" ಎಂದು ನಕ್ಕಳು. ಸಂಜೆ ಇಳಿದಾಗ ಆ ಸೀರೆಯನ್ನು ಬಿಳಿ ಎಂದು ಯಾರೂ ಕರೆಯುವಂತಿರಲಿಲ್ಲ.

ನನ್ನ ಕೆಲಸ ಕಡಲ ತಳದ ಕೆಸರು ಸೋಸುವುದು. ಆ ವರ್ಷಗಳಲ್ಲಿ ಹಲವಾರು ದೇಶಗಳ ಸಂಶೋಧಕರು ಒಟ್ಟಾಗಿ ಒಂದು ದೊಡ್ಡ ಗಣತಿಗೆ ಕೈಹಾಕಿದ್ದರು. ತಿಮಿಂಗಿಲದಿಂದ ಹಿಡಿದು ಕಣ್ಣಿಗೆ ಕಾಣದ ಹುಳುವಿನವರೆಗೆ, ಕಡಲಲ್ಲಿ ಏನೇನು ಬದುಕಿದೆ ಎಂದು ಗುರುತಿಸಿ ಹೆಸರು ಹಿಡಿದು ಬರೆದಿಡುವ ಕೆಲಸ. ಅದರಲ್ಲಿ ನನ್ನ ಪಾಲಿಗೆ ಬಂದದ್ದು ನಮ್ಮ ಬಂದರಿನ ಕೆಸರು ಮತ್ತು ಅಲ್ಲಿಯ ಕಂಬಗಳಿಗೆ ಅಂಟಿದ ಜೀವಿಗಳು. ಹಾಗೆ ಹುಡುಕುವಾಗ, ನಮ್ಮ ಕರಾವಳಿಯದ್ದಲ್ಲದ ಒಂದು ಚಿಪ್ಪು ಸಿಕ್ಕಿತು. ಉಗುರಿನಷ್ಟು ಸಣ್ಣದು, ಗೊಂಚಲು ಗೊಂಚಲಾಗಿ ಬೆಳೆದು ನಮ್ಮ ಚಿಪ್ಪುಗಳನ್ನು ಒತ್ತಿ ಸಾಯಿಸುವಂಥದ್ದು. ಅದು ಈಜಿ ಬಂದದ್ದಲ್ಲ. ಅದಿರು ಒಯ್ಯಲು ಖಾಲಿ ಬರುವ ಹಡಗು ಅಲೆಗೆ ಓಲಾಡಬಾರದೆಂದು ಹೊಟ್ಟೆ ತುಂಬ ದೂರದ ಬಂದರಿನ ನೀರು ತುಂಬಿಕೊಂಡು ಬರುತ್ತದೆ. ಅದಿರು ಹಾಕುವಾಗ ಆ ನೀರನ್ನು ಇಲ್ಲಿ ಚೆಲ್ಲುತ್ತದೆ. ನೀರಿನ ಜೊತೆ ಮರಿಗಳೂ ಬೀಳುತ್ತವೆ.

ಇದನ್ನು ಬಳ್ಳಾರಿಯಲ್ಲಿ ಹೇಳಬೇಕು ಎಂದು ಹಟ ಹಿಡಿದು ನನ್ನನ್ನು ಕರೆಸಿದವಳು ಮುಮ್ತಾಜ್. ಅಲ್ಲಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಹೊಸದಾಗಿ ನೇಮಿಸಿದರೆ ಮಾತ್ರ ಕೆಲಸ. ಹಿಂದಿನ ವರ್ಷ ವಿದ್ಯಾರ್ಥಿಗಳನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಾಗ ಮೊಣಕಾಲು ಮುಳುಗುವ ಕೆಸರಿಗೆ ಮೊದಲು ಇಳಿದವಳು ಅವಳೇ. ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಮೂರು ಕಡೆ ಉಪನ್ಯಾಸ ಗೊತ್ತುಮಾಡಿದ್ದಳು.

ಕೌಲ್ ಬಜಾರಿನಲ್ಲಿ ಅವಳ ಮನೆ. ಕೆಳಗೆ ಅಣ್ಣನ ಜೀನ್ಸ್ ಹೊಲಿಯುವ ಅಂಗಡಿ, ಮೇಲೆ ವಾಸ. ಹೊಲಿಗೆ ಯಂತ್ರಗಳ ಸದ್ದಿಗೆ ನೆಲ ನಡುಗುತ್ತಿತ್ತು. ಬೆಳಿಗ್ಗೆ ಅವಳ ತಾಯಿ ಮಂಡಕ್ಕಿಯ ಒಗ್ಗಾಣಿ, ಮಿರ್ಚಿ ಕೊಟ್ಟರು. ಮಿರ್ಚಿಯ ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂದದ್ದು ನೋಡಿ, "ಕಡಲಾಗಿನ ಉಪ್ಪು ತಿಂದೋರಿಗೆ ನಮ್ಮ ಖಾರ ತಡ್ಯಂಗಿಲ್ಲ" ಎಂದು ಇನ್ನೊಂದು ಹಾಕಿದರು.

ಸಭೆಗೆ ಮುಂಚೆ ಪ್ರಾಂಶುಪಾಲರ ಕೋಣೆಯಲ್ಲಿ ಕಾರ್ಯಕ್ರಮದ ಪ್ರಾಯೋಜಕರು ಕುಳಿತಿದ್ದರು. ಹಲವು ಅದಿರು ಲಾರಿಗಳ ಮಾಲೀಕರು. ಮಾತು ಮೃದು.

"ಮೇಡಂ, ಮೀನಾ, ಹವಳಾ, ಚಂದ ಚಂದ ಚಿತ್ರ ತೋರಸ್ರಿ. ಹುಡುಗರು ಖುಷಿ ಪಡ್ತಾರ. ಹಡಗಿನ ವಿಷ್ಯ ನಿಮಗ್ಯಾಕ?"

"ಹಡಗು ಬಿಟ್ಟರೆ ನನ್ನ ಮಾತು ಅರ್ಧ ಸುಳ್ಳಾಗುತ್ತದೆ" ಎಂದೆ.

ಅವರು ಪ್ರಾಂಶುಪಾಲರ ಮುಖ ನೋಡಿದರು. ಪ್ರಾಂಶುಪಾಲರು ಮೇಜಿನ ಗಾಜು ನೋಡಿದರು.

ಹವಳ, ಮೀನು ಎಲ್ಲ ತೋರಿಸಿದೆ. ಹಡಗಿನ ಚಿತ್ರ ಬಂದ ಕೂಡಲೇ ಮೈಕು ಸತ್ತಿತು, ಪರದೆ ಕಪ್ಪಾಯಿತು. ಮೇಲಿನ ಫ್ಯಾನು ಮಾತ್ರ ತಿರುಗುತ್ತಲೇ ಇತ್ತು. ಹುಡುಗರೆಲ್ಲ ತಲೆಯೆತ್ತಿ ಫ್ಯಾನು ನೋಡಿ ಜೋರಾಗಿ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ದೋಣಿಯ ಎಂಜಿನ್ನಿಗೆ ಎದುರಾಗಿ ಕೂಗಿ ಪಳಗಿದ ಗಂಟಲು ನನ್ನದು. ವೇದಿಕೆ ಇಳಿದು ಬೆಂಚುಗಳ ನಡುವೆ ನಿಂತು, ಚಿಪ್ಪಿನ ಗೊಂಚಲಿದ್ದ ಬಾಟಲಿಯನ್ನು ಕೈಯಿಂದ ಕೈಗೆ ದಾಟಿಸುತ್ತ ಉಳಿದದ್ದೆಲ್ಲ ಹೇಳಿ ಮುಗಿಸಿದೆ. ಪ್ರಾಯೋಜಕರು ಎದ್ದು ಹೋದರು. ಹುಡುಗರು ಏಳಲಿಲ್ಲ.

ಹೊರಗೆ ಬಂದಾಗ ಪ್ರಾಂಶುಪಾಲರು ಮುಮ್ತಾಜಳನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಕಾಲೇಜಿನ ಹೆಸರಿನಲ್ಲಿ ಇನ್ನೆರಡು ಕಡೆ ಇದೇ ಆದರೆ ಬರುವ ವರ್ಷದ ನೇಮಕದ ಬಗ್ಗೆ ತಾನೇನೂ ಹೇಳಲಾರೆ ಎಂದರಂತೆ. ಕಂಟೋನ್ಮೆಂಟಿನ ಮರಗಳ ಕೆಳಗೆ ನಡೆಯುತ್ತ ಅವಳು ಅದನ್ನು ತಿಳಿಸಿದಾಗ ನನ್ನ ಸಿಟ್ಟೆಲ್ಲ ಇಳಿದು ಹೋಯಿತು. ನಾನು ಕೂಗಾಡಿ ಊರಿಗೆ ಹೋಗುವವಳು. ಇಲ್ಲಿ ಇರಬೇಕಾದವಳು ಅವಳು.

"ಸಾಕು ಬಿಡು. ನಾಳೆಯೇ ವಾಪಸು ಹೊರಡುತ್ತೇನೆ. ನಿನ್ನ ಕೆಲಸ ಹೋದೀತು" ಎಂದೆ.

ಅವಳು ನಡೆಯುವುದನ್ನು ನಿಲ್ಲಿಸಿದಳು. "ಕೆಲ್ಸ ನಂದು, ಹೆದರಿಕಿ ನಿಮ್ಮದ್ಯಾಕ? ಸಿರುಗುಪ್ಪಕ್ಕ ಹೋಗಾಕ ನಾ ತಯಾರ್ ಅದೀನಿ. ನೀವು ಬರ್ತೀರೋ ಇಲ್ಲೋ ಹೇಳ್ರಿ."

ಮರುದಿನ ನಾನೂ ಅವಳ ಜೊತೆ ಹೊರಟೆ. ಸಿರುಗುಪ್ಪಕ್ಕೆ ಐವತ್ತು ಕಿಲೋಮೀಟರಿನ ಮೇಲೆ ದಾರಿ. ಬಳ್ಳಾರಿ ದಾಟಿದ ಮೇಲೆ ಲಾರಿಗಳು ಕಡಿಮೆಯಾಗಿ, ಕಾಲುವೆಯ ನೀರು ಕುಡಿದ ಭತ್ತದ ಗದ್ದೆಗಳು ಶುರುವಾದವು. ಎರಡು ದಿನದ ಮೇಲೆ ಹಸಿರು ಕಂಡಿತು. ನಾನು ಮಾತಾಡಬೇಕಿದ್ದ ಶಾಲೆಯ ಗೇಟಿಗೆ ಬೀಗ. ಒಳಗಿದ್ದ ಮುಖ್ಯೋಪಾಧ್ಯಾಯಿನಿ ಬಂದು ಸರಳಿನ ಆಚೆಯೇ ನಿಂತರು. ಬಳ್ಳಾರಿಯಿಂದ ಬೆಳಿಗ್ಗೆಯೇ ಫೋನು ಬಂದಿತ್ತಂತೆ.

"ಒಳಗ ಬಿಡಾಕ ಆಗಂಗಿಲ್ಲಮ್ಮ. ಬ್ಯಾಡ ಅಂದಾರ."

"ಹೊರಗ?" ಮುಮ್ತಾಜ್ ಕೇಳಿದಳು.

ಆಕೆ ರಸ್ತೆಯಾಚೆ ಇದ್ದ ಬೇವಿನ ಮರವನ್ನೊಮ್ಮೆ ನೋಡಿದರು. "ಹೊರಗಿನ ರೋಡು ನನ್ನ ಸಾಲಿದಲ್ಲ. ಊಟದ ಬೆಲ್ ಆದ ಮ್ಯಾಲ ಹುಡುಗ್ರು ಎಲ್ಲಿ ಕುಂದರ್ತಾವ ಅಂತ ನಾ ಹೆಂಗ ನೋಡ್ಲಿ?" ಎಂದು ಹೇಳಿ ಬೀಗ ತೆಗೆದು, ಹಿಂತಿರುಗಿ ನೋಡದೆ ಒಳಗೆ ಹೋದರು.

ಊಟದ ಗಂಟೆ ಹೊಡೆಯಿತು. ಸ್ವಲ್ಪ ಹೊತ್ತಿಗೆ ಬೇವಿನ ನೆರಳು ತುಂಬಿತು. ಒಬ್ಬ ಹುಡುಗಿ ಬಾಟಲಿಯನ್ನು ಕಣ್ಣಿಗೆ ಹತ್ತಿರ ಹಿಡಿದು, "ಇದು ನಮ್ಮ ಹೊಳಿಗೂ ಬರ್ತೈತೇನ್ರಿ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ನಿಮ್ಮ ಹೊಳೆಯಲ್ಲಿ ಈಗ ಏನೇನಿದೆ ಎಂದು ಯಾರೂ ನೋಡಿಡದಿದ್ದರೆ, ಹೊಸದು ಬಂದದ್ದೂ ಇದ್ದದ್ದು ಹೋದದ್ದೂ ಯಾರಿಗೂ ತಿಳಿಯುವುದಿಲ್ಲ ಎಂದೆ. ಅವಳು ಬಾಟಲಿಯನ್ನು ಬೇಗ ಬಿಡಲಿಲ್ಲ.

ಮರುದಿನ ಸಿರಿಗೇರಿ ಕ್ರಾಸಿನಲ್ಲಿ ಬಸ್ಸು ಬದಲಿಸಿ ಕುರುಗೋಡಿಗೆ ಹೋದೆವು. ಬಂಡೆಯ ಮೇಲೆ ಬಂಡೆ ಪೇರಿಸಿದಂತಿರುವ ಗುಡ್ಡದ ಬುಡದ ಊರು. ಅಷ್ಟು ಹೊತ್ತಿಗೇ ಕಲ್ಲು ಕಾದಿತ್ತು. ಅಲ್ಲಿಯೂ ಸಭಾಂಗಣ ಕೊಡಲಿಲ್ಲ. ಹಳೆಯ ಕಲ್ಲು ಮಂಟಪವೊಂದರಲ್ಲಿ ಕುಳಿತೆವು. ಮೂವತ್ತು ಜನ ಸೇರಿರಬಹುದು. ಅವರಲ್ಲಿ ಒಬ್ಬ ಲಾರಿ ಚಾಲಕನಿದ್ದ.

"ಹಡಗಿನಿಂದ ನೀರು ಬಿಡೋದು ನಾ ಬಂದರಿನ್ಯಾಗ ನೋಡೀನ್ರಿ. ಖರೇ ಐತಿ" ಎಂದ. ಆಮೇಲೆ ದನಿ ಏರಿಸಿದ: "ಆದ್ರ ನೀವು ಹೇಳಿದ್ದು ಕೇಳಿ ನಾಳಿ ಲಾರಿ ನಿಂತ್ರ ನಾವೇನು ತಿನ್ನೋಣು?"

"ಲಾರಿ ನಿಲ್ಲಿಸಿ ಎಂದು ನಾನು ಹೇಳಲು ಬಂದಿಲ್ಲ. ನೀರನ್ನು ನಡುಗಡಲಿನಲ್ಲೇ ಬದಲಿಸಿಕೊಂಡು ಬನ್ನಿ ಎಂದು ಹಡಗಿನವರಿಗೆ ಹೇಳಬಹುದು. ಅದಕ್ಕೆ ಅವರಿಗೆ ಹೊತ್ತು ಹಿಡಿಯುತ್ತದೆ, ಆ ಹೊತ್ತು ಅವರಿಗೆ ಬೇಡ" ಎಂದೆ.

"ಹಂಗಾರ ಅವ್ರಿಗೆ ಹೇಳ್ರಿ. ನಿಮ್ಮ ಬಾಯಿ ಯಾಕ ಮುಚ್ಚಸ್ತಾರ?" ಎಂದು ಆತ ಕುಳಿತ.

ಅಷ್ಟರಲ್ಲಿ ಮಂಟಪದ ಮುಂದೆ ಜೀಪು ನಿಂತಿತು. ಇಳಿದವರು ಪ್ರಾಯೋಜಕರ ಮ್ಯಾನೇಜರು. ನನ್ನ ಕಡೆ ನೋಡದೆ ಮುಮ್ತಾಜಳಿಗೇ ಹೇಳಿದರು: "ಪ್ರಿನ್ಸಿಪಾಲರು ಹೇಳ್ಯಾರ. ಈ ಕಾರ್ಯಕ್ರಮ ಕಾಲೇಜಿಂದಲ್ಲ ಅಂತ ಇಷ್ಟೂ ಮಂದಿ ಮುಂದ ಒಂದು ಮಾತು ಅಂದುಬಿಡ್ರಿ. ನಿಮ್ಮ ಕೆಲ್ಸಕ್ಕೇನೂ ಆಗಂಗಿಲ್ಲ."

ಅಂದುಬಿಡು, ಮುಗಿಸಿಬಿಡು ಎಂದು ಕಣ್ಣಿನಲ್ಲೇ ಹೇಳಿದೆ. ಅವಳು ದುಪಟ್ಟಾ ಸರಿಮಾಡಿಕೊಂಡು ಎದ್ದು ನಿಂತಳು.

"ಎಲ್ಲಾರೂ ಕೇಳ್ರಿ. ಈ ಕಾರ್ಯಕ್ರಮ ಕಾಲೇಜಿಂದಲ್ಲ." ಮ್ಯಾನೇಜರು ತಲೆಯಾಡಿಸಿದರು. "ನಂದು. ಕರೆಸಿದಾಕಿ ನಾನು. ಮುಂದಿನ ವರ್ಷನೂ ಕರೆಸ್ತೀನಿ."

ಲಾರಿ ಚಾಲಕ ಚಪ್ಪಾಳೆ ಹೊಡೆದ. ಮಂಟಪದ ಕಲ್ಲಿಗೆ ಬಡಿದು ಆ ಸದ್ದು ದೊಡ್ಡದಾಯಿತು. ಜೀಪು ಬಂದ ದಾರಿಯಲ್ಲೇ ಹೋಯಿತು.

ಅವಳನ್ನು ಮತ್ತೆ ನೇಮಿಸಲಿಲ್ಲ. ಅದು ನನಗೆ ತಿಳಿದದ್ದು ಕೆಲವು ತಿಂಗಳ ಮೇಲೆ. ಆದರೆ ಅಂದು ಸಂಜೆ ಬಳ್ಳಾರಿಯ ಬಸ್ ನಿಲ್ದಾಣದಲ್ಲೇ ಹಾಗಾಗುತ್ತದೆಂದು ಅವಳಿಗೆ ಗೊತ್ತಿತ್ತು. "ನಮ್ಮ ಕಡೆ ಬಂದುಬಿಡು, ಕೆಲಸ ಹುಡುಕೋಣ" ಎಂದೆ.

"ನೋಡಾಕ ಬರ್ತೀನ್ರಿ, ಇರಾಕಲ್ಲ. ನಾನೂ ಹ್ವಾದ್ರ ಇಲ್ಲಿ ಯಾರು ಹೇಳೋರು?"

ಬಸ್ಸು ಹೊರಟಿತು. ಕಿಟಕಿಯಿಂದ ಕತ್ತು ಹೊರಹಾಕಿ ನೋಡಿದೆ. ಅವಳು ಕೈಬೀಸುತ್ತ ನಿಂತಿರಲಿಲ್ಲ. ಕೌಲ್ ಬಜಾರಿಗೆ ಬಾಡಿಗೆ ಹೆಚ್ಚು ಕೇಳಿದನೆಂದು ಸೊಂಟಕ್ಕೆ ಕೈಯಿಟ್ಟು ಆಟೋದವನೊಡನೆ ಜಗಳಕ್ಕೆ ನಿಂತಿದ್ದಳು. ಬಸ್ಸು ತಿರುಗುವಷ್ಟರಲ್ಲಿ ಆಟೋದವನು ನಕ್ಕು ಹಿಂದಿನ ಸೀಟು ಒರೆಸುತ್ತಿದ್ದ.